ರಾತ್ರಿ ಪಾಳಿಯ ತಾರೀಖು

ಮೇ ತಿಂಗಳ ಬಿಸಿಲಿಗೆ ವಾಡಿ ಸ್ಟೇಷನ್ನಿನ ಫರಶಿ ಕಲ್ಲುಗಳು ಕಾದ ಹಂಚಿನಂತಾಗಿರುವಾಗ, ಕಂಕುಳಲ್ಲಿ ಉಣ್ಣೆಯ ಸ್ವೆಟರ್ ಸಿಕ್ಕಿಸಿಕೊಂಡು ಪ್ಯಾಸೆಂಜರ್ ಗಾಡಿಯಿಂದ ಇಳಿಯುವ ಹೆಂಗಸೊಬ್ಬರಿದ್ದರು. ನೋಡಿದವರು ಇವರಿಗೆ ತಲೆ ನೆಟ್ಟಗಿಲ್ಲ ಎಂದುಕೊಳ್ಳುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದಾಗ ನಾನೂ ಹಾಗೆಯೇ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು: ನಮ್ಮ ಸಿಮೆಂಟ್ ಕಾರ್ಖಾನೆಯಲ್ಲಿ ಮನುಷ್ಯರಿಗಿಲ್ಲದ ತಂಪು ಕಂಪ್ಯೂಟರಿಗಿತ್ತು, ಆ ತಂಪಿನ ಕೋಣೆಯಲ್ಲಿ ಅವರು ಇಡೀ ದಿನ ಕೂರಬೇಕಿತ್ತು. ಹದಿನೈದು ದಿನ ಕಳೆಯುವುದರೊಳಗೆ ನಾನೂ ಒಂದು ಸ್ವೆಟರ್ ಕೊಂಡೆ.

ಕಾರ್ಖಾನೆಯಲ್ಲಿ ಎಲ್ಲರಿಗೂ ಅವರು ಆಪಾ, ಅಂದರೆ ಅಕ್ಕ. ವಯಸ್ಸಿನಲ್ಲಿ ಅವರಿಗಿಂತ ಹಿರಿಯರಾದ ಗುಮಾಸ್ತರೂ ಆಪಾ ಎಂದೇ ಕರೆಯುತ್ತಿದ್ದರು. ಹೋದ ವಾರ ಶಹಾಬಾದಿನಿಂದ ಅವರ ತಮ್ಮ ಫೋನ್ ಮಾಡಿ, "ಅಕ್ಕಾರ ಹೋದ್ರು ಬಾಯೀ, ನಿಮಗ ಹೇಳ್ಬೇಕಂತ ಅನ್ನಿಸ್ತು" ಅಂದರು. ಮಣ್ಣಾಗಿ ಎರಡು ದಿನವಾಗಿತ್ತು. ಹೋಗಿ ಅವರ ಮನೆಯ ಅಂಗಳದಲ್ಲಿ ಗಳಿಗೆ ಹೊತ್ತು ಕುಳಿತು ಬಂದೆ. ಬಂದವರೆಲ್ಲ ಅವರ ನಮಾಜು, ಅವರ ದಾನ, ತಮ್ಮಂದಿರನ್ನು ಓದಿಸಿದ್ದು ಇವನ್ನೇ ಮಾತಾಡುತ್ತಿದ್ದರು. ಎಲ್ಲ ನಿಜವೇ. ಆದರೆ ನನಗೆ ಗೊತ್ತಿದ್ದ ಆಪಾ ಅದರಲ್ಲಿ ಇರಲಿಲ್ಲ, ಆ ಸಂಕಟಕ್ಕೆ ಇದನ್ನು ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಸೇಡಂ ಕಡೆಯವಳು, ಲಗ್ನವಾಗಿ ವಾಡಿಗೆ ಬಂದವಳು. ನಮ್ಮ ಯಜಮಾನರು ಅದೇ ಕಾರ್ಖಾನೆಯಲ್ಲಿ, ಗಣಿಯಿಂದ ಬಂದ ಕಲ್ಲನ್ನು ಪುಡಿ ಮಾಡುವ ಕ್ರಷರ್ ವಿಭಾಗದಲ್ಲಿದ್ದರು. ಒಂದು ರಾತ್ರಿ ಪಾಳಿಯಲ್ಲಿ ಕಲ್ಲು ಸಾಗಿಸುವ ಬೆಲ್ಟಿಗೆ ಅವರ ಎಡಗೈ ಸಿಕ್ಕಿ ಎರಡು ಬೆರಳು ಹೋದವು. ಕೈ ಮಾಗಿದ ಮೇಲೆ ಅವರನ್ನು ಮತ್ತೆ ಕ್ರಷರಿಗೇ ಹಾಕಿದರು. ಟೈಪಿಂಗ್ ಪರೀಕ್ಷೆ ಪಾಸಾಗಿ ಮನೆಯಲ್ಲಿದ್ದ ನನಗೆ ಕಂಪ್ಯೂಟರ್ ವಿಭಾಗದಲ್ಲಿ ಪಂಚ್ ಆಪರೇಟರ್ ಎಂಬ ಕೆಲಸ ಕೊಟ್ಟರು. ಬೇರೆ ಬೇರೆ ವಿಭಾಗಗಳಿಂದ ಬಂದ ಚೀಟಿಗಳನ್ನು ನೋಡಿ ದಪ್ಪ ಕಾಗದದ ಕಾರ್ಡುಗಳಲ್ಲಿ ತೂತು ಹೊಡೆಯುವುದು ನನ್ನ ಕೆಲಸ. "ನಮ್ಮ ಸೊಸಿ ಕಾಗದಕ್ಕ ತೂತು ಹೊಡ್ದು ಪಗಾರ ತರ್ತಾಳ" ಎಂದು ನಮ್ಮತ್ತೆ ಓಣಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಹೊಗಳಿಕೆಯೋ ಹಂಗಿಸುವುದೋ ಇವತ್ತಿಗೂ ನನಗೆ ತಿಳಿದಿಲ್ಲ.

ಆಪಾ ಹೈದರಾಬಾದಿನಲ್ಲಿ ಸಂಖ್ಯಾಶಾಸ್ತ್ರ ಓದಿದವರು. ನಾನು ತೂತು ಹೊಡೆದ ಕಾರ್ಡುಗಳನ್ನು ಕಂಪ್ಯೂಟರ್ ಹೇಗೆ ಓದಬೇಕು, ಏನನ್ನು ಯಾವುದರ ಜೊತೆ ಕೂಡಿಸಬೇಕು ಎಂಬ ಪ್ರೋಗ್ರಾಂ ಬರೆಯುತ್ತಿದ್ದವರು ಅವರು. ಸೇರಿದ ದಿನವೇ ನನಗೊಂದು ಮಾತು ಹೇಳಿದರು: "ತಂಗೀ, ಅಂಕಿ ಬಡಪಾಯಿ, ಎಷ್ಟಂದ್ರ ಅಷ್ಟೇ ಇರ್ತಾವ. ತಾರೀಖು ಮಾತ್ರ ಭಾಳ ಬೆರಕಿ. ಅದರ ಮ್ಯಾಲೆ ಒಂದು ಕಣ್ಣಿಡು."

ತಾರೀಖಿನ ಆ ಬೆರಕಿತನ, ಆ ಕಳ್ಳಾಟ ಏನೆಂದು ನೌಕರರ ಹುಟ್ಟಿದ ತಾರೀಖುಗಳನ್ನು ಪಂಚ್ ಮಾಡುವಾಗ ಗೊತ್ತಾಯಿತು. ಕಾರ್ಖಾನೆಯ ಅರ್ಧ ಜನ ಜೂನ್ ಒಂದರಂದು ಹುಟ್ಟಿದ್ದರು. ನಾನು ಬೆರಗಾಗಿ ಕೇಳಿದರೆ ಆಪಾ ನಕ್ಕರು. "ಅದು ಹುಟ್ಟಿದ ತಾರೀಖಲ್ಲ, ಸಾಲಿ ಮಾಸ್ತರು ಪೆನ್ನು ಎತ್ತಿದ ತಾರೀಖು. ಸಾಲಿ ಶುರು ಆದ ದಿನ ಎಲ್ಲಾ ಹುಡುಗ್ರೂ ಹುಟ್ಟಿಬಿಡ್ತಾರ." ವಯಸ್ಸಿಗೂ ಗೈರುಹಾಜರಿಗೂ ಸಂಬಂಧವಿದೆಯೇ ಎಂದು ಮೇಲಿನವರು ಕೇಳಿದ್ದ ಲೆಕ್ಕ ಅದು. ಆಪಾ ಜೂನ್ ಒಂದರವರನ್ನೆಲ್ಲ ಬೇರೆ ಗುರುತು ಹಾಕಿ ಪಕ್ಕಕ್ಕಿಟ್ಟರು. ಅರ್ಧ ಜನರನ್ನು ಪಕ್ಕಕ್ಕಿಟ್ಟರೆ ಲೆಕ್ಕವೇನು ಉಳಿಯಿತು ಎಂದು ಮೇಲಿನ ಸಾಹೇಬರೊಬ್ಬರು ರೇಗಿದ್ದಕ್ಕೆ, "ಗೊತ್ತಿಲ್ಲ ಅಂದ್ರ ಗೊತ್ತಿಲ್ಲ ಅಂತ ಬರೀಬೇಕ್ರಿ. ಸುಳ್ಳು ತಾರೀಖು ಖಾಲಿ ಜಾಗಕ್ಕಿಂತ ಖರಾಬ್" ಅಂದರು.

ನಿಜಾಮರ ಕಾಲದಲ್ಲಿ ಹುಟ್ಟಿದ ಹಿರಿಯ ಕೆಲಸಗಾರರದು ಇನ್ನೊಂದು ತಮಾಷೆ. ಅವರ ಹಳೆಯ ಕಾಗದಗಳಲ್ಲಿ ಫಸಲಿ ವರ್ಷ ಇರುತ್ತಿತ್ತು. ಅಕ್ಟೋಬರಿನಲ್ಲಿ ಶುರುವಾಗುವ ವರ್ಷ, ಆಜೂರ್, ದೈ, ಬಹಮನ್ ಎಂಬ ತಿಂಗಳುಗಳು. ಐನೂರ ತೊಂಬತ್ತು ಕೂಡಿಸಿದರೆ ನಮ್ಮ ಇಸವಿ ಬರುತ್ತದೆಂದು ಆಫೀಸಿನಲ್ಲಿ ಎಲ್ಲರೂ ಹಾಗೇ ಕೂಡಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಜನವರಿ ಬಂದ ಮೇಲೆ ಹುಟ್ಟಿದವನಿಗೆ ಒಂದು ಹೆಚ್ಚು ಕೂಡಿಸಬೇಕು, ಇಲ್ಲದಿದ್ದರೆ ಅವನು ಒಂದು ವರ್ಷ ಮೊದಲೇ ಮುದುಕನಾಗುತ್ತಾನೆ ಎನ್ನುವುದು ಆಪಾ ಅವರ ತಕರಾರು. ತಿಂಗಳುಗಳ ಹೆಸರನ್ನು ಅವರು ಮಗ್ಗಿಯ ಹಾಗೆ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು.

ಕಿಲ್ನ್ ಎಂದರೆ ಸುಣ್ಣಕಲ್ಲು ಸುಡುವ ದೊಡ್ಡ ಭಟ್ಟಿ. ಅದರ ಉಷ್ಣ ಬರೆಯುವ ಯಂತ್ರ ಹೊರದೇಶದ್ದು. ಅದನ್ನು ಕೂರಿಸಲು ಬಂದ ಇಂಜಿನಿಯರರು ಅದರ ಗಡಿಯಾರವನ್ನು ತಮ್ಮ ಊರಿನ ಹೊತ್ತಿಗೇ ಬಿಟ್ಟು ಹೋಗಿದ್ದರು. ಕರೆಂಟು ಹೋದದ್ದು ನಮ್ಮ ಹೊತ್ತಿನಲ್ಲಿ, ಭಟ್ಟಿ ಆರಿದ್ದು ಅವರ ಹೊತ್ತಿನಲ್ಲಿ. ಕಾಗದದ ಮೇಲೆ ಎರಡಕ್ಕೂ ಸಂಬಂಧವೇ ಇರಲಿಲ್ಲ. ಅದನ್ನು ಸರಿಪಡಿಸಲು ಆಪಾ ಕೂತಾಗ, ನಮ್ಮ ಕಂಪ್ಯೂಟರಿನ ಜೊತೆ ಬಂದಿದ್ದ ಪ್ರೋಗ್ರಾಂ ಪೂರಾ ತಾಸುಗಳನ್ನಷ್ಟೇ ಒಪ್ಪುತ್ತಿತ್ತು, ಅವರ ಹೊತ್ತಿಗೂ ನಮ್ಮ ಹೊತ್ತಿಗೂ ಇರುವ ಅಂತರದಲ್ಲಿನ ಅರ್ಧ ತಾಸು ಅದಕ್ಕೆ ತಿಳಿಯುತ್ತಿರಲಿಲ್ಲ. "ಇಡೀ ಜಗತ್ತಿಗೆ ತಾಸು ಸಾಕಾಗ್ಯಾದ, ನಮಗಷ್ಟೇ ಮ್ಯಾಲೊಂದು ಅರ್ಧ ಬೇಕು, ಚಹಾ ಕುಡೀಲಿಕ್ಕ" ಎಂದು ಗೊಣಗುತ್ತ, ಎಲ್ಲವನ್ನೂ ನಿಮಿಷ ಮಾಡಿ ದಾರಿ ಹುಡುಕಿದರು.

ಅವರ ಅತಿ ಇಷ್ಟದ ನಗೆ ವಾಡಿ ಜಂಕ್ಷನ್ನಿನದು. ಮುಂಬೈ ಕಡೆಯ ಒಂದು ಗಾಡಿ ನಡುರಾತ್ರಿ ದಾಟಿದ ಸ್ವಲ್ಪ ಹೊತ್ತಿಗೆ ಬರುತ್ತಿತ್ತು. ಟಿಕೀಟಿನ ಮೇಲೆ ಶುಕ್ರವಾರ ಎಂದು ಬರೆದಿದ್ದರೆ ಜನ ಶುಕ್ರವಾರ ಇಡೀ ದಿನ ಆರಾಮ ತೆಗೆದುಕೊಂಡು, ರಾತ್ರಿ ಉಂಡು, ಹಾಸಿಗೆ ಸುತ್ತಿಕೊಂಡು ಸ್ಟೇಷನ್ನಿಗೆ ಬರುತ್ತಿದ್ದರು. ಅವರ ಗಾಡಿ ಹಿಂದಿನ ರಾತ್ರಿಯೇ ಹೋಗಿರುತ್ತಿತ್ತು. ಚಿಂಚೋಳಿಯ ಒಬ್ಬ ಗುತ್ತಿಗೆದಾರ ಹೀಗೆ ಹೆಂಡತಿ, ಮಕ್ಕಳು, ಉಪ್ಪಿನಕಾಯಿ ಭರಣಿ ಸಮೇತ ಬಂದು ನಿಂತದ್ದನ್ನು ಆಪಾ ಅಭಿನಯಿಸಿ ತೋರಿಸುತ್ತಿದ್ದರು. "ಗಾಡಿ ನಿನ್ನೇನೇ ಹೋಗ್ಯಾದ, ಇವ್ರು ಇವತ್ತು ಭರಣಿ ಹಿಡ್ಕೊಂಡು ನಿಂತಾರ!" ನಾವು ಊಟ ಬಿಟ್ಟು ನಗುತ್ತಿದ್ದೆವು.

ದಿನ ಯಾವಾಗ ಶುರುವಾಗುತ್ತದೆ ಎಂಬುದಕ್ಕೆ ನಮ್ಮಿಬ್ಬರ ಮನೆಗಳಲ್ಲಿ ಬೇರೆ ಬೇರೆ ಕಾನೂನು. ಆಪಾ ಅವರ ತಾಯಿಗೆ ಗುರುವಾರ ಹೊತ್ತು ಮುಳುಗಿದರೆ ಸಾಕು, ಜುಮ್ಮಾ ಬಂದ ಹಾಗೆ. ನಮ್ಮತ್ತೆಗೆ ಮುಂಜಾನೆ ಸೂರ್ಯ ಕಾಣುವ ತನಕ ಗುರುವಾರ ಮುಗಿಯುವುದಿಲ್ಲ. ಕಾರ್ಖಾನೆಯ ಆಸ್ಪತ್ರೆಗೆ ಗಡಿಯಾರವೇ ದೇವರು, ಹನ್ನೆರಡು ಹೊಡೆದರೆ ಶುಕ್ರವಾರ. ಹಾಜರಿ ಹಾಕುವ ಟೈಮ್ ಆಫೀಸಿನದು ನಾಲ್ಕನೆಯ ಕಾನೂನು: ಗುರುವಾರ ರಾತ್ರಿ ಹತ್ತಕ್ಕೆ ಪಾಳಿಗೆ ಬಂದವನು ಮರುದಿನ ಮುಂಜಾನೆ ಆರಕ್ಕೆ ಹೊರಬೀಳುವ ತನಕ ಗುರುವಾರದವನೇ. "ರಾತ್ರಿ ಎರಡಕ್ಕ ಇಬ್ರು ಗುರುವಾರದಾಗ, ಇಬ್ರು ಶುಕ್ರವಾರದಾಗ ಇರ್ತಾರ" ಎಂದು ಆಪಾ ಹೇಳುತ್ತಿದ್ದರು. ಇಷ್ಟೆಲ್ಲ ತಿಳಿದಿದ್ದ ಹೆಂಗಸು ಅವರು. ಆದರೂ ಆ ತಪ್ಪು ಅವರ ಕೈಯಿಂದಲೇ ಆಯಿತು.

ಕ್ರಷರ್ ವಿಭಾಗದಲ್ಲಿ ಅಪಘಾತ ಯಾವ ಹೊತ್ತಿನಲ್ಲಿ ಹೆಚ್ಚಾಗುತ್ತದೆ ಎಂಬ ವರದಿಯನ್ನು ಮೇಲಿನವರು ಕೇಳಿದ್ದರು. ಹಿಂದಿನ ಕೆಲವು ವರ್ಷಗಳ ಆಸ್ಪತ್ರೆಯ ಚೀಟಿಗಳು ನನ್ನ ಮೇಜಿಗೆ ಬಂದವು. ನಮ್ಮವರ ಚೀಟಿಯೂ ಅದರಲ್ಲಿತ್ತು. ಬೇರೆಯವರಿಗೆ ಕೊಡಲೇ ಎಂದು ಆಪಾ ಕೇಳಿದರು. ನಾನೇ ಹೊಡೆಯುತ್ತೇನೆ ಎಂದೆ. ಹೊಡೆಯುವಾಗ ಎರಡು ಕಾರ್ಡು ಹಾಳಾದವು, ಮೂರನೆಯದು ಸರಿಯಾಯಿತು.

ಮನೆಯಲ್ಲಿ ಬಿದ್ದು ಗಾಯ ಮಾಡಿಕೊಂಡವರು ಕಾರ್ಖಾನೆಯ ಗಾಯವೆಂದು ಬರೆಸುತ್ತಾರೆ ಎಂಬ ಗುಮಾನಿ ಮೇಲಿನವರಿಗಿತ್ತು. ಅದಕ್ಕೆ ಆಪಾ ಮೊದಲು ಒಂದು ಸಾಣಿಗೆಯಂಥ ಪ್ರೋಗ್ರಾಂ ಬರೆದರು. ಗಾಯವಾದ ತಾರೀಖಿನಲ್ಲಿ ಟೈಮ್ ಆಫೀಸಿನ ಲೆಕ್ಕದಂತೆ ಆ ಮನುಷ್ಯನಿಗೆ ಪಾಳಿ ಇತ್ತೇ ಎಂದು ಅದು ನೋಡುತ್ತಿತ್ತು. ಇಲ್ಲದಿದ್ದರೆ ಆ ಕಾರ್ಡನ್ನು ಸುಳ್ಳೆಂದು ಹೊರಗೆ ಹಾಕುತ್ತಿತ್ತು. ಉಳಿದ ಕಾರ್ಡುಗಳಿಂದ ಕೋಷ್ಟಕ ಮಾಡುವುದು ಎರಡನೆಯ ಪ್ರೋಗ್ರಾಂ. ಅದರಲ್ಲಿ ನಡುರಾತ್ರಿಯ ನಂತರದ ಗಾಯವನ್ನು ಹಿಂದಿನ ದಿನದ ಪಾಳಿಗೇ ಸೇರಿಸಬೇಕೆಂದು ನೆನಪಿನಿಂದ ಬರೆದಿದ್ದರು. ಸಾಣಿಗೆಯಲ್ಲಿ ಅದನ್ನು ಬರೆಯಲು ಮರೆತಿದ್ದರು.

ವರದಿ ಹೋಯಿತು. ಮೈಸೂರು ಕಡೆಯವರಾದ ಮ್ಯಾನೇಜರ್ ಸಾಹೇಬರು ಆಪಾ ಅವರನ್ನು ಕರೆಸಿ ಕೈ ಕುಲುಕಿದರಂತೆ. ಕಂಪ್ಯೂಟರ್ ವಿಭಾಗದ ಮುಖ್ಯಸ್ಥರ ಹುದ್ದೆ ಬಹಳ ದಿನದಿಂದ ಖಾಲಿಯಿತ್ತು. ಅದು ನಿಮಗೇ ಎಂದೂ ಹೇಳಿದರಂತೆ. ಆಪಾ ಶಹಾಬಾದಿನಿಂದ ಖೋವಾದ ಪೇಡೆ ತಂದರು. ನನ್ನ ಕೈಗೆ ಕೊಡುವಾಗ, "ಅಮ್ಮೀಗೆ ಹೇಳೀನಿ, ಭಾಳ ಖುಷಿ ಪಟ್ಳು" ಎಂದರು. ಅವರ ಮುಖದಲ್ಲಿ ಅಂಥ ಗೆಲುವನ್ನು ನಾನು ಹಿಂದೆ ನೋಡಿರಲಿಲ್ಲ.

ಅದಾಗಿ ಕೆಲವು ದಿನಕ್ಕೆ ನಮ್ಮವರು ಪಾಳಿ ಮುಗಿಸಿ ಬಂದವರು ಚಪ್ಪಲಿ ಬಿಡುತ್ತಲೇ ಸಿಡುಕಿದರು. ಮುಂದಿನ ತಿಂಗಳಿಂದ ಗುರುವಾರದ ರಾತ್ರಿ ಪಾಳಿಯನ್ನು ಮುಂಜಾನೆ ಆರರ ಬದಲು ಹತ್ತರ ತನಕ ಎಳೆಯುತ್ತಾರಂತೆ. ಶುಕ್ರವಾರ ಕ್ರಷರಿಗೆ ರಜೆ, ಆದರೆ ಭಟ್ಟಿಗೆ ರಜೆಯಿಲ್ಲ. ಅದಕ್ಕೆ ಬೇಕಾದ ಕಲ್ಲನ್ನು ಒಟ್ಟಿಡಬೇಕಲ್ಲ. ಶನಿವಾರದಿಂದ ಸತತ ರಾತ್ರಿ ದುಡಿದವರು ಆರನೆಯ ರಾತ್ರಿ ಇನ್ನೂ ನಾಲ್ಕು ತಾಸು ಬೆಲ್ಟಿನ ಮುಂದೆ ನಿಲ್ಲಬೇಕು.

"ಗುರುವಾರ ರಾತ್ರಿ ಯಾರಿಗೂ ಏನೂ ಆಗಂಗಿಲ್ಲಂತ. ಮರುದಿನ ಸೂಟಿ ಅಂತ ಮಂದಿ ಹುರುಪಿಲೆ ಮಾಡ್ತಾರಂತ. ಯಾರು ಹೇಳ್ಯಾರ ಗೊತ್ತೇನು? ನಿಮ್ಮ ಆಪಾನ ಕಂಪ್ಯೂಟರ್ ಹೇಳ್ಯಾದ."

ಅವರ ಬೆರಳು ಹೋದದ್ದೇ ಗುರುವಾರ ರಾತ್ರಿ, ಎರಡರ ಸುಮಾರಿಗೆ. ಉಳಿದ ಕೈಯನ್ನೂ ಈ ನಾಲ್ಕು ತಾಸು ತಿಂದರೆ ಯಾರನ್ನು ಕೇಳುವುದು?

ಮರುದಿನ ಕೋಣೆಗೆ ಹೋದವಳೇ ಸ್ವೆಟರ್ ಕೂಡ ಹಾಕದೆ ಕೇಳಿದೆ. "ಗುರುವಾರ ರಾತ್ರಿ ಏನೂ ಆಗಂಗಿಲ್ಲಂತ ನೀವು ಬರ್ದೀರೇನ್ರಿ ಆಪಾ?"

"ನಾ ಬರದಿಲ್ಲ, ಅಂಕಿ ಹೇಳ್ತಾವ. ನೋಡು ಬೇಕಾದ್ರ" ಎಂದು ಕೋಷ್ಟಕ ಬಿಚ್ಚಿ ಮುಂದಿಟ್ಟರು. ಗುರುವಾರದ ಸಾಲಿನಲ್ಲಿ ನಡುರಾತ್ರಿಯ ನಂತರದ ಮನೆಗಳೆಲ್ಲ ಸೊನ್ನೆ.

"ಇದು ಹ್ಯಾಂಗ ಸೊನ್ನಿ ಆತ್ರಿ? ನಮ್ಮವರ ಕಾರ್ಡು ನಾನೇ ಹೊಡ್ದೀನಿ. ಅವ್ರು ಎಲ್ಲಿ ಹೋದ್ರು?"

ಆಪಾ ಕೋಷ್ಟಕವನ್ನು ಮತ್ತೊಮ್ಮೆ ಓದಿದರು. ಆಮೇಲೆ ಮೂಲೆಯಲ್ಲಿದ್ದ, ಸಾಣಿಗೆ ಹೊರಹಾಕಿದ ಕಾರ್ಡುಗಳ ಕಟ್ಟನ್ನು ತಂದು ನೆಲದ ಮೇಲೆಯೇ ಕುಳಿತು ಬಿಚ್ಚಿದರು. ಸುಳ್ಳು ಚೀಟಿಗಳೆಂದು ಯಾರೂ ಅದನ್ನು ತೆರೆದಿರಲಿಲ್ಲ. ಒಂದೆರಡು ನಿಜವಾಗಿಯೂ ಮನೆಯ ಗಾಯಗಳು. ಉಳಿದವೆಲ್ಲ ಶುಕ್ರವಾರದ ನಸುಕಿನವು. ಆಸ್ಪತ್ರೆ ಗಡಿಯಾರ ನೋಡಿ ಶುಕ್ರವಾರ ಎಂದು ಬರೆದಿತ್ತು. ಟೈಮ್ ಆಫೀಸಿನ ಪ್ರಕಾರ ಶುಕ್ರವಾರ ಕ್ರಷರಿನಲ್ಲಿ ಒಬ್ಬರಿಗೂ ಪಾಳಿಯಿಲ್ಲ. ರಜೆಯ ದಿನ ಗಾಯವಾಯಿತೆನ್ನುವವನು ಸುಳ್ಳುಗಾರನೆಂದು ಸಾಣಿಗೆ ಅವರನ್ನು ಆಚೆ ತಳ್ಳಿತ್ತು. ನಮ್ಮವರ ಕಾರ್ಡು ಸಿಕ್ಕಾಗ ಆಪಾ ಅದನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು.

"ನಾನೂ ಭರಣಿ ಹಿಡ್ಕೊಂಡು ನಿಂತೆ ನೋಡು ತಂಗೀ" ಎಂದರು. ನಗಲಿಲ್ಲ.

ಅವತ್ತು ಮಧ್ಯಾಹ್ನ ಊಟ ಮಾಡದೆ ಸಾಣಿಗೆ ಸರಿಪಡಿಸಿ, ಕಾರ್ಡುಗಳನ್ನು ಮತ್ತೆ ಓಡಿಸಿದರು. ಹೊಸ ಕೋಷ್ಟಕದಲ್ಲಿ ಗುರುವಾರ ರಾತ್ರಿಯೇ ಎಲ್ಲಕ್ಕಿಂತ ಕೆಟ್ಟದಾಗಿತ್ತು. ಅಚ್ಚಾದ ಕಾಗದವನ್ನು ಯಂತ್ರದಿಂದ ಹರಿದುಕೊಂಡು, ಆ ಕಾರ್ಡುಗಳ ಕಟ್ಟನ್ನು ನನ್ನ ಕೈಗೆ ಕೊಟ್ಟು, "ನಡಿ" ಎಂದರು. ಮ್ಯಾನೇಜರ್ ಸಾಹೇಬರ ಕೋಣೆಗೆ ನಾನು ಹೋದದ್ದು ಅದೇ ಮೊದಲು.

ಸಾಹೇಬರು ಕೆಟ್ಟ ಮನುಷ್ಯರಲ್ಲ, ಕೊನೆಯ ತನಕ ತಾಳ್ಮೆಯಿಂದಲೇ ಕೇಳಿದರು. ಆಮೇಲೆ ಕನ್ನಡಕ ತೆಗೆದರು.

"ಮೇಡಂ, ಈ ವರದಿ ಮೇಲಿನವರೆಗೂ ಹೋಗಿ ಬಂದಿದೆ. ಹೊಸ ಪಾಳಿಗೆ ಒಪ್ಪಿಗೆಯೂ ಸಿಕ್ಕಿದೆ. ಈಗ ತಪ್ಪು ಅಂದರೆ ನನ್ನನ್ನೂ ನಗುತ್ತಾರೆ. ಮುಂದಿನ ವರ್ಷದ ವರದಿಯಲ್ಲಿ ಸರಿ ಮಾಡೋಣ ಬಿಡಿ."

"ಮುಂದಿನ ವರ್ಷದ ತನಕ ಮಂದಿ ಬೆಲ್ಟಿನ ಮುಂದ ನಿಂತಿರ್ತಾರಲ್ರಿ ಸಾಬ್" ಎಂದರು ಆಪಾ.

"ಇಂಥ ತಪ್ಪು ಮಾಡಿದೆ ಅಂತ ನೀವೇ ಬರೆದುಕೊಟ್ಟರೆ, ನಾಳೆ ಆ ಹುದ್ದೆಗೆ ನಿಮ್ಮ ಹೆಸರನ್ನ ಹೇಗೆ ಕಳಿಸಲಿ? ನೀವೇ ಯೋಚನೆ ಮಾಡಿ."

ಆಪಾ ಯೋಚನೆ ಮಾಡಿದರು. ಅದು ನನಗೆ ಕಾಣಿಸುವಷ್ಟು ಹತ್ತಿರದಲ್ಲಿ ನಾನಿದ್ದೆ. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಅವರು ಬೇಗನೆ ಹೂಂ ಎನ್ನಲಿಲ್ಲ, ಬೇಗನೆ ಇಲ್ಲ ಎನ್ನಲೂ ಇಲ್ಲ. ಆ ಹುದ್ದೆ ಅವರಿಗೆ ಬೇಕಾಗಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಆಗ ನನಗೆ ನನ್ನ ಗಂಡನ ಕೈ ಬಿಟ್ಟರೆ ಬೇರೇನೂ ಬೇಡವಾಗಿತ್ತು.

"ಕಳಸಬ್ಯಾಡ್ರಿ" ಎಂದರು ಆಪಾ. "ಕಾಗದ ಕೊಡ್ರಿ, ಬರ್ದು ಕೊಡ್ತೀನಿ."

ಹೊಸ ಪಾಳಿಯ ಮಾತು ಅಲ್ಲಿಗೆ ನಿಂತಿತು. ಮೂರು ತಿಂಗಳಲ್ಲಿ ಮುಖ್ಯಸ್ಥರಾಗಿ ಹೊರಗಿನವರೊಬ್ಬರು ಬಂದರು, ಆಪಾಗಿಂತ ಹತ್ತು ವರ್ಷ ಚಿಕ್ಕವರು. ಆಪಾ ದೊಡ್ಡ ಮನಸ್ಸಿನಿಂದ ಸುಮ್ಮನಿದ್ದರು ಎಂದು ಬರೆದರೆ ಅವರೇ ಮಣ್ಣಿನಿಂದ ಎದ್ದು ಬಂದು ಸುಳ್ಳೆನ್ನುತ್ತಾರೆ. ಬಹಳ ದಿನ ನನ್ನ ಮೇಲೆಯೇ ಹರಿಹಾಯುತ್ತಿದ್ದರು. ಕಾರ್ಡಿನಲ್ಲಿ ಸಣ್ಣ ತಪ್ಪಿದ್ದರೂ ಎಸೆಯುತ್ತಿದ್ದರು. ಒಮ್ಮೆ ಊಟದ ಹೊತ್ತಿನಲ್ಲಿ ಡಬ್ಬಿ ಮುಚ್ಚಿ, "ಅಮ್ಮೀಗೆ ಇನ್ನೂ ಹೇಳಿಲ್ಲ" ಎಂದು ಗೋಡೆ ಕಡೆ ತಿರುಗಿದರು. ನಾನು ಅವರ ಬೆನ್ನ ಮೇಲೆ ಕೈ ಇಟ್ಟೆ. ಕೊಡವಿಕೊಳ್ಳಲಿಲ್ಲ.

ಈ ನಡುವೆ ಅವರು ಇನ್ನೊಂದು ಕೆಲಸ ಹಚ್ಚಿಕೊಂಡಿದ್ದು ನನಗೆ ತಡವಾಗಿ ಗೊತ್ತಾಯಿತು. ಸಾಣಿಗೆ ಹೊರಹಾಕಿದ್ದ ಆ ಕಟ್ಟಿನಲ್ಲಿದ್ದ ಒಬ್ಬೊಬ್ಬರ ಮನೆಗೂ ಹೋಗುತ್ತಿದ್ದರು. ಕೆಲಸ ಬಿಟ್ಟ ಮೇಲೆ, ಶಹಾಬಾದಿನ ಗಾಡಿ ಬರುವುದರೊಳಗೆ ಒಂದು ಮನೆ. ಕೆಲಸ ಬಿಟ್ಟು ಕುರಕುಂಟಾಕ್ಕೆ ಹೋಗಿ ಹೊಲ ಮಾಡುತ್ತಿದ್ದ ಒಬ್ಬನಿಗೆ ಬೇರೆಯವರ ಕೈಲಿ ಹೇಳಿಕಳಿಸಿದರು. ಬಹಳಷ್ಟು ಜನರಿಗೆ ಅವರು ಬಂದದ್ದೇಕೆಂದೇ ತಿಳಿಯಲಿಲ್ಲ. ಒಂದು ಮನೆಯವರು ಪರಿಹಾರ ಹೆಚ್ಚು ಸಿಗುತ್ತದೆಂದು ಆಸೆಪಟ್ಟು, ಸಿಗುವುದಿಲ್ಲವೆಂದು ತಿಳಿದು ಬಾಗಿಲು ಹಾಕಿಕೊಂಡರಂತೆ.

ನಮ್ಮ ಮನೆಗೆ ಬಂದದ್ದು ಎಲ್ಲರಿಗಿಂತ ಕೊನೆಗೆ, ಒಂದು ಶುಕ್ರವಾರ ಸಂಜೆ. ನಮ್ಮವರು ರಜೆಯೆಂದು ಕಟ್ಟೆಯ ಮೇಲೆ ಬನಿಯನ್ನಿನಲ್ಲಿ ಕೂತಿದ್ದವರು ಗಡಬಡಿಸಿ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು.

"ಬರ್ರಿ ಆಪಾ, ಕುಂದ್ರಿ. ಹೇಳಿಕಳಿಸಿದ್ರ ನಾನೇ ಬರ್ತಿದ್ದೆನಲ್ರಿ."

ಆಪಾ ಕೂರಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ನಮ್ಮವರ ಎದುರಿಗೆ, ಪರೀಕ್ಷೆಗೆ ನಿಂತ ಹುಡುಗಿಯ ಹಾಗೆ ನಿಂತು ಹೇಳಿದರು. "ಅಣ್ಣಾ, ನಿಮಗ ಕೈಗೆ ಪೆಟ್ಟಾದ ರಾತ್ರಿ ನೀವು ಡ್ಯೂಟಿ ಮ್ಯಾಲೆ ಇರ್ಲಿಲ್ಲಂತ ನನ್ನ ಲೆಕ್ಕದಾಗ ಬಂದಿತ್ತು. ನನ್ನ ಗಲತಿ ಅದು. ಈಗ ತಿದ್ದೀನಿ. ಅಷ್ಟು ಹೇಳಿ ಹೋಗೋಣಂತ ಬಂದೆ."

ನಮ್ಮವರು ಹುಟ್ಟಾ ಚೇಷ್ಟೆಗಾರರು. ಎದುರಿನವರು ಅಳುವ ಮುಖ ಮಾಡಿದರೆ ಅವರಿಗೆ ತಡೆಯುವುದಿಲ್ಲ. ಎಡಗೈಯನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ, ಕಳೆದುಕೊಂಡದ್ದನ್ನು ಹುಡುಕುವವರ ಹಾಗೆ ನೋಡಿದರು.

"ನಾ ಅಲ್ಲಿ ಇರ್ಲಿಲ್ಲ ಅಂದ್ರ, ಇವು ಎಲ್ಲಿ ಹೋದ್ವು ಆಪಾ?"

ಆಪಾ ನಗುತ್ತಾರೆಂದು ಅವರು ಕಾದರು. ಆಪಾ ಮುಂದೆ ಬಂದು ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಪರ ಗಂಡಸಿನ ಕೈ ಮುಟ್ಟುವವರಲ್ಲ ಅವರು.

"ಇದ್ರಿ ಅಣ್ಣಾ" ಎಂದರು. "ನೀವು ಅಲ್ಲೇ ಇದ್ರಿ."